ನಾಲ್ಕು ಡಿಸ್ಕ್‌ಗಳನ್ನು ಮೇಕೆಮಾಂಸದಂತೆ ಹಂಚಿದವರಿಗೆ

ಜಿಲ್ಲಾ ಭೂದಾಖಲೆ ಕಚೇರಿಯ ಮುಖ್ಯಸ್ಥರೇ,

ನಿಮ್ಮ ಮನೆಯ ಟಿವಿಗೆ ಸಿಕ್ಕಿಸಿರುವ ಡಿಸ್ಕನ್ನು ಮೊದಲು ಕಿತ್ತು ತೆಗೆಯಿರಿ. ಉಳಿದದ್ದನ್ನು ಆಮೇಲೆ ಓದಬಹುದು. ಅದರಲ್ಲಿ ನನ್ನ ಚಿಕ್ಕಮ್ಮ ಲಾಕೊಟ್‌ಳ ಹೊಲವಿದೆ.

ನಮ್ಮ ಅಚೋಲಿ ಜನರ ಹೊಲಗಳಿಗೆ ಕಾಗದವಿಲ್ಲ, ಹಿರಿಯರ ಮಾತೇ ಎಲ್ಲೆ. ಹಿರಿಯರು ಗಡಿಯುದ್ದಕ್ಕೂ ನಡೆದು ‘ಈ ಹುತ್ತದಿಂದ ಆ ಮರದ ತನಕ’ ಎಂದು ತೋರಿಸಿದ್ದನ್ನು ನಿಮ್ಮ ಕಚೇರಿಯೇ ಚಿತ್ರೀಕರಿಸಿಕೊಂಡಿತು. ಚಿಕ್ಕಮ್ಮನ ಎಲ್ಲೆ ತೋರಿಸಿದ ಮುದುಕ ಒಜೇರಾ ಈಗಿಲ್ಲ. ಅವರ ಮಾತು ಉಳಿದಿದ್ದು ನಿಮ್ಮ ಸರ್ವರ್‌ನಲ್ಲಿ ಮಾತ್ರ. ನಾಲ್ಕು ಡಿಸ್ಕ್‌ಗಳನ್ನು ತಂತ್ರಾಂಶವೊಂದು ಒಂದೇ ಉಗ್ರಾಣದಂತೆ ಜೋಡಿಸಿ, ಪ್ರತಿ ಚಿತ್ರವನ್ನೂ ಚೂರು ಮಾಡಿ ನಾಲ್ಕರಲ್ಲೂ ಹರಡಿ ಇಟ್ಟಿತ್ತು. ಒಂದನ್ನೇ ಬಿಚ್ಚಿ ನೋಡಿದರೆ ಯಾವುದರಲ್ಲೂ ಏನೂ ಕಾಣದು.

ಕರೆಂಟ್ ಹೋಗಿ ಬಂದ ದಿನ ಯಂತ್ರಕ್ಕೆ ಡಿಸ್ಕ್‌ಗಳು ಕಂಡವು, ಅವುಗಳ ಒಳಭಾಗಗಳಾದ ಪಾರ್ಟಿಷನ್‌ಗಳು ಕಾಣಲಿಲ್ಲ. ಚಿತ್ರದ ಪ್ರತಿ ಕೇಳಲು ಬಂದಿದ್ದ ನಾನೂ ಚಿಕ್ಕಮ್ಮನೂ ಅಲ್ಲೇ ನಿಂತಿದ್ದೆವು. ಕಂಪಾಲದ ತಂತ್ರಜ್ಞ ಮುಸಿಂಗುಝಿ ಫೋನಿನಲ್ಲಿ ಹೇಳಿದ್ದನ್ನು ಇಡೀ ಕಚೇರಿ ಕೇಳಿಸಿಕೊಂಡಿತು.

“ಪಾರ್ಟಿಷನ್ ಕಾಣ್ತಿಲ್ಲ ಅಂದ್ರೆ ಖಾಲಿ ಅಂತಲ್ಲ ಸರ್. ಆ ಭಾಗಗಳ ಪಟ್ಟಿ ಮತ್ತೆ ಓದಿಸಿ ನಾಲ್ಕನ್ನೂ ಜೋಡಿಸ್ಬೇಕು, ಅಷ್ಟೆ. ಸೋಮವಾರ ಬರ್ತೀನಿ, ಮುಟ್ಬೇಡಿ.”

“ಅಲ್ಲೀ ತನಕ ಇದಕ್ಕೆ ಗಂಜಿ ಕುಡಿಸ್ತಾ ಕೂರ್ಲಾ?” ಎಂದಿರಿ ನೀವು. ಒಂದು ಡಿಸ್ಕನ್ನು ಕಿತ್ತು ನಿಮ್ಮ ಕಂಪ್ಯೂಟರಿಗೆ ಸಿಕ್ಕಿಸಿದಿರಿ. ಡಿಸ್ಕ್ ಖಾಲಿಯಿದೆ, ಹೊಸದಾಗಿ ಸಿದ್ಧಪಡಿಸಲೇ ಎಂದು ಪರದೆ ಕೇಳಿತು. “ನೋಡಿದ್ರಾ, ಅದೇ ಒಪ್ಕೊಂಡ್ತು!” ಎಂದು ಒತ್ತಿಯೇಬಿಟ್ಟಿರಿ.

“ಲದಿತ್, ಸ್ವಲ್ಪ ತಡೀರಿ. ಒಜೇರಾ ಅದ್ರೊಳಗಿದ್ದಾರೆ,” ಎಂದಳು ಚಿಕ್ಕಮ್ಮ, ನಿಮ್ಮನ್ನು ‘ಹಿರಿಯರೇ’ ಎಂದೇ ಕರೆದು.

“ಒಜೇರಾನ ಎಲ್ಲಿ ಹೂತಿದ್ದಾರೆ ಅಂತ ಊರಿಗೇ ಗೊತ್ತು ಮೆಗೊ. ಇಲ್ಯಾಕೆ ಹುಡುಕ್ತೀಯಾ?” ಎಂದಿರಿ ನೀವು, ಬಾಯಲ್ಲಿ ಮಾತ್ರ ‘ತಾಯಿ’ ಎಂದು ಕರೆಯುತ್ತಾ.

ಕಚೇರಿ ನಕ್ಕಿತು. ಸಂಬಳ ತೆಗೆದುಕೊಂಡು ನಗುವವರ ನಗು ಎಷ್ಟು ಅಚ್ಚುಕಟ್ಟು!

ಬಳಿಕ ಹಬ್ಬದ ಮೇಕೆ ಕಡಿದಂತೆ ಡಿಸ್ಕುಗಳ ಪಾಲು ನಡೆಯಿತು. ಹಿರಿಯರ ಪಾಲೆಂದು ಆ ಡಿಸ್ಕೇ ನಿಮಗೆ. ಲೆಕ್ಕದವರಿಗೊಂದು, ಅಳತೆಯವರಿಗೊಂದು, ಚಾಲಕನಿಗೊಂದು. ಸಮಪಾಲಿನ ಕರಪತ್ರಗಳನ್ನು ಓದಿಕೊಂಡೇ ಬೆಳೆದವಳು ನಾನು. ಬಡವಳೊಬ್ಬಳ ಸಾಕ್ಷಿಯನ್ನು ನಾಲ್ಕು ಭಾಗ ಮಾಡಿ ಹಂಚುವ ಸಮಾನತೆ ಯಾವ ಕರಪತ್ರದಲ್ಲೂ ಇರಲಿಲ್ಲ. ಮನೆಯ ಹೆಸರಿನ ಫಲಕ ಕಳಚಿ ಬಿದ್ದರೆ ಮನೆಯನ್ನೇ ಕೆಡವುತ್ತೀರಾ? ನಿಮ್ಮ ಕುರ್ಚಿಯಲ್ಲಿ ಕೂರುವವರು ಕಾಣದಿದ್ದರೆ ಕುರ್ಚಿ ಖಾಲಿ ಎಂದು ನಾವು ಕೊಂಡೊಯ್ಯಬಹುದೇ? ಹಾಗಾಗಿದ್ದರೆ ವರ್ಷದಲ್ಲಿ ಬಹುತೇಕ ದಿನ ಅದು ನಮ್ಮ ಬಳಿಯೇ ಇರುತ್ತಿತ್ತು.

ಸೋಮವಾರ ಮುಸಿಂಗುಝಿ ಬಂದರು. ಲೆಕ್ಕದವರ ಡಿಸ್ಕ್ ಸಿನಿಮಾಗಳಿಂದ ತುಂಬಿಹೋಗಿತ್ತು. ಅಳತೆಯವರೂ ಚಾಲಕನೂ ತಮ್ಮದನ್ನು ಮುಟ್ಟಿರಲಿಲ್ಲ, ನಾಚಿಕೊಂಡು ಕೊಟ್ಟರು. “ಒಂದು ಸತ್ರೂ ಈ ಜೋಡಣೆ ತಡ್ಕೊಳ್ಳುತ್ತೆ, ಎರಡು ಸತ್ರೆ ಇಲ್ಲ. ಲೆಕ್ಕದವ್ರದ್ದು ಆಗ್ಲೇ ಸತ್ತಿದೆ. ಸಾಹೇಬ್ರ ಡಿಸ್ಕಿನ ಪಟ್ಟಿ ಮಾತ್ರ ಅಳಿಸಿದೆ. ಅದರ ಮೇಲೆ ಜಾಸ್ತಿ ಬರೀದೆ ಇದ್ರೆ ಎಳೀಬಹುದು,” ಎಂದರು. ನಿಮ್ಮನ್ನು ಕೇಳಿದೆವು. “ಕೊಟ್ಟ ಪಾಲನ್ನ ವಾಪಸ್ ಕೇಳೋದು ಹಿರಿಯನಿಗೆ ಅವಮಾನ. ನಿಮ್ಮಮ್ಮ ಹೇಳಿಕೊಟ್ಟಿಲ್ವಾ?” ಎಂದಿರಿ. ಹೇಳಿಕೊಟ್ಟಿದ್ದಾಳೆ. ಕದ್ದ ಮಾಂಸಕ್ಕೆ ಆ ಮಾತು ಸಲ್ಲದೆಂದೂ ಹೇಳಿಕೊಟ್ಟಿದ್ದಾಳೆ.

ನಿಮ್ಮ ಮಕ್ಕಳು ದಿನವೂ ಅದರಲ್ಲಿ ಫುಟ್‌ಬಾಲ್ ಪಂದ್ಯ ತುಂಬಿಸುತ್ತಿದ್ದಾರಂತೆ. ಒಂದೊಂದು ಪಂದ್ಯಕ್ಕೂ ಒಜೇರಾ ಒಂದಷ್ಟು ಸಾಯುತ್ತಾರೆ. ಇತ್ತ ಪಕ್ಕದ ಹೊಲದವನು ಟ್ರಾಕ್ಟರ್ ತಂದು, ಚಿಕ್ಕಪ್ಪನ ಸಮಾಧಿಯನ್ನೂ ಸೇರಿಸಿ ಉತ್ತು, ಮರಗೆಣಸು ನೆಟ್ಟಿದ್ದಾನೆ. “ಸಾಕ್ಷಿ ತಗೊಂಡ್ಬಾ, ಕಿತ್ಕೊಡ್ತೀನಿ,” ಎನ್ನುತ್ತಾನೆ. ನಿಮ್ಮಿಂದಲೇ ಕಲಿತಿರಬೇಕು.

ಗುರುವಾರ ನ್ಯಾಯಾಲಯದಲ್ಲಿ ಈ ಎಲ್ಲೆಯ ವಿಚಾರಣೆ. ಅದಕ್ಕೆ ಮುಂಚೆ ಡಿಸ್ಕ್ ಮುಸಿಂಗುಝಿಯವರ ಕೈ ಸೇರಬೇಕು. ಕೊಡಲಾಗದಿದ್ದರೆ ನೀವೇ ನ್ಯಾಯಾಧೀಶರ ಮುಂದೆ ಬಂದು, ಚಿಕ್ಕಮ್ಮನ ಹೊಲದ ಎಲ್ಲೆಯನ್ನು ನಡೆದು ತೋರಿಸಿ. ಅದನ್ನು ಬಲ್ಲ ಕೊನೆಯ ಮನುಷ್ಯನ ಬಾಯಿಗೆ ಮಣ್ಣು ಹಾಕುತ್ತಿರುವವರು ನೀವಲ್ಲವೇ?

ಇಂತಿ,
ಉತ್ತರ ಬಾರದೆಂದು ಗೊತ್ತಿದ್ದೂ ಬರೆದವಳು,
ಲಾಲಮ್ ಪ್ರಿಸ್ಕಾ