ನನ್ನ ಸಕ್ಕರೆ ಕಾಯಿಲೆ

ಏನ್ರೀ,

ನೀವು ರಾತ್ರಿ ಪಾಳಿ ಮುಗಿಸಿ ಮಲಗಿದ್ದಿರಿ. ಬಳೆ ಮೇಲೇರಿಸಿಕೊಂಡು, ಸಪ್ಪಳ ಮಾಡದೆ ನಿಮ್ಮ ಅಂಗಿಗೆ ಗುಂಡಿ ಹಚ್ಚಿ ಗೂಟಕ್ಕೆ ಹಾಕಿದ್ದೇನೆ. ರೊಟ್ಟಿ ಬುಟ್ಟಿಯಲ್ಲಿವೆ. ಜುಣಕ ನೀವೇ ಬಿಸಿ ಮಾಡಿಕೊಳ್ಳಿರಿ.

ನಾನು ಬೆಳಗಾವಿಯ ದವಾಖಾನೆಗೆ ಹೊರಟೆ. ಇಂಜೆಕ್ಷನ್ನನ್ನು ಬಾಜು ಮನೆಯ ಚಂದ್ರಭಾಗಾ ಕಾಕು ಅವರ ಫ್ರಿಜ್ಜಿನಿಂದ ತಂದುಕೊಂಡಿದ್ದೇನೆ. ಮಕ್ಕಳಾಗಲೆಂದು ತೆಗೆದುಕೊಳ್ಳುವ ಇಂಜೆಕ್ಷನ್ ಅನ್ನಲು ನಾಚಿ, ಅದು ಸಕ್ಕರೆ ಕಾಯಿಲೆಯ ಔಷಧ ಎಂದು ಅವರಿಗೆ ಹೇಳಿದವರು ನೀವು, ಅನುಭವಿಸುವವಳು ನಾನು! ಅವರ ಮನೆಯಲ್ಲಿ ನನಗೆ ಈಗ ಸಪ್ಪನೆಯ ಚಹಾ. ಮೊನ್ನೆ ಅರಿಷಿಣ ಕುಂಕುಮಕ್ಕೆ ಕರೆದು, ಎಲ್ಲರಿಗೂ ಪೇಢೆ ಕೊಟ್ಟು, ನನ್ನ ಕೈಗೆ ಮಾತ್ರ ಹಾಗಲಕಾಯಿ ರಸದ ಲೋಟ ಕೊಟ್ಟರು. ಎಲ್ಲರೆದುರು ಗಟಗಟ ಕುಡಿದೆ.

ಈ ಇಂಜೆಕ್ಷನ್ ಶುರುವಾದಾಗಿನಿಂದ ಹಾಲು ಉಕ್ಕಿದರೂ ನನಗೆ ಅಳು ಬರುತ್ತದೆ. ನಿನ್ನೆ ಅವರ ಫ್ರಿಜ್ಜಿನ ಮುಂದೆಯೇ ಅತ್ತುಬಿಟ್ಟೆ. ಕಾಕು ತಲೆ ನೇವರಿಸಿ, "ಅಳಬ್ಯಾಡ ಪೋರಿ, ಸಕ್ಕರಿ ಕಾಯಿಲಿ ನನಗೂ ಐತಿ. ನಮ್ಮ ಮನಿಯವ್ರು ಹತ್ತು ವರ್ಷ ಆತು, ನನ್ನ ಜೋಡಿ ಸಪ್ಪನ ಚಾ ಕುಡಿತಾರ. ಖರೇ, ಮಾರಿ ಮಾತ್ರ ಕಿವಚ್ತಾರ!" ಎಂದರು. ಅಳುತ್ತಲೇ ನಗು ಬಂತು.

ದವಾಖಾನೆಯ ಬಾಕಿನ ಮೇಲೆ ಎಲ್ಲ ಹೆಂಗಸರ ಬಾಜು ಅವರವರ ಗಂಡಂದಿರು ಕುಳಿತಿರುತ್ತಾರೆ. ನನ್ನ ಬಾಜು ನನ್ನ ಚೀಲ ಕುಳಿತಿರುತ್ತದೆ. ಡಾಕ್ಟರಮ್ಮ ಯಜಮಾನರೆಲ್ಲಿ ಎಂದರೆ, ಪಾಳಿಗೆ ಹೋಗಿದ್ದಾರೆ ಅನ್ನುತ್ತೇನೆ. ನಿಮ್ಮ ರಜೆಯ ದಿನವೂ ಅದನ್ನೇ ಅಂದೆ.

ಶುಕ್ರವಾರ ಮತ್ತೆ ಹೋಗಬೇಕು. ನೀವು ಏನೂ ಮಾತಾಡುವುದು ಬೇಡ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಬಾಜು ಕುಂದರಲು ಬರ್ರಿ.