ಆಫ್ ಮಾಡಬೇಡಿ

ಗುರುವಾರ, 11 ಸೆಪ್ಟೆಂಬರ್ 2025

ಫರ್ಜಾನಾ ಕಳಿಸಿದ ಫೋಟೊ ಇನ್ನೂ ಫೋನಿನಲ್ಲಿದೆ.

ನಮ್ಮ ಬೀಜದ ಕಂಪನಿಯ ಶಾಖೆಗಳಲ್ಲಿ ಎಲ್ಲೆಲ್ಲಿ ಡೇಟಾಬೇಸ್ ಸರ್ವರ್ ಇವೆ ಎಂದು ತಾನಾಗಿಯೇ ಹುಡುಕುವ ಸಾಫ್ಟ್‌ವೇರನ್ನು ಇವತ್ತು ಬಳ್ಳಾರಿಯಿಂದ ಓಡಿಸಿದೆ. ಕುರುಗೋಡಿನದು ಸರಿಯಿತ್ತು. ಸಿರುಗುಪ್ಪದಲ್ಲಿ ಒಂದರ ಬದಲು ಎರಡು ಸಿಕ್ಕವು. ಎರಡನೆಯದಕ್ಕೆ ಪಾಸ್‌ವರ್ಡೇ ಇಲ್ಲ. ರೈತರ ಹೆಸರು, ಫೋನ್ ನಂಬರು ಯಾರು ಬೇಕಾದರೂ ಓದಬಹುದು. ಸರ್ವರ್ ವಿಷಯ, ಸರ್ವರ ಮುಂದೆಯೇ ಹೇಳಿದೆ. ವಿಡಿಯೊ ಮೀಟಿಂಗಿನಲ್ಲಿ ಸಿರುಗುಪ್ಪದ ಆಪರೇಟರ್ ಫರ್ಜಾನಾ ಅವರನ್ನು ಕೆಣಕಿದೆ: "ಏನ್ರಿ, ನಿಮ್ಮ ಸರ್ವರ್ ಮರಿ ಹಾಕೈತಂತ, ಪೇಡೆ ಎಲ್ರಿ?" ಎಲ್ಲರೂ ನಕ್ಕರು. ಮ್ಯಾನೇಜರ್ ಸತ್ಯಾತ್ಮ ನಗಲಿಲ್ಲ. ನಾಳೆ ಹತ್ತಕ್ಕೆ ಲಿಖಿತ ಉತ್ತರ ಕೊಡಿ, ಇಲ್ಲವೇ ಕೆಲಸ ಬಿಡಿ ಎಂದು ಆಕೆಗೆ ಹೇಳಿದರು.

ಊಟದ ಹೊತ್ತಿಗೆ ಫೋಟೊ ಬಂತು. ಆ ಎರಡನೆಯ ಸರ್ವರಿನದು: ಮೇಜಿನ ಕೆಳಗೆ ಹಳೆಯ ಕಂಪ್ಯೂಟರ್, ಧೂಳು ಕೂರದಂತೆ ಹೊದಿಸಿದ ಬಟ್ಟೆ, ಪಕ್ಕದಲ್ಲಿ ಅಂಟಿಸಿದ ಚೀಟಿ. ಅಕ್ಷರ ನನ್ನದು: "ಎರಡು ದಿನದ ಪರೀಕ್ಷೆ. ಆಫ್ ಮಾಡಬೇಡಿ." ಎರಡು ವರ್ಷದ ಹಿಂದೆ ನಾನೇ ಇಟ್ಟು ಮರೆತದ್ದು.

ಫೋನ್ ಮಾಡಿದೆ. "ಮೀಟಿಂಗಿನಾಗ ಯಾಕ ಹೇಳ್ಲಿಲ್ರಿ?"

"ಎಲ್ಲಾರೂ ನಗಾಕತ್ತಿದ್ರು ಸರ್. ಹೇಳಿದ್ರ ನಿಮಗೂ ಹಂಗ ನಗ್ತಿದ್ರು. ಕರೆಂಟ್ ಹೋದಾಗೆಲ್ಲ ನಾನ ಮತ್ತ ಚಾಲೂ ಮಾಡೇನ್ರಿ. ಈಗ ಆಫ್ ಮಾಡ್ಲೇನ್ರಿ?"

"ಮಾಡ್ರಿ" ಎಂದೆ. ತಪ್ಪು ನನ್ನದು ಎನ್ನಲಿಲ್ಲ.

ಆ ಫೋಟೊವನ್ನು ಅವರು ಮ್ಯಾನೇಜರಿಗೆ ಕಳಿಸಿಲ್ಲ. ಕಳಿಸಬೇಕಾದವನು ನಾನು. ಬೆರಳು ಅದರ ಮೇಲೆಯೇ ಇದೆ. ಜೊತೆಗೆ ನಗಿಸುವಂಥ ಒಂದು ಸಾಲು ಬರೆಯೋಣವೆಂದು ಹುಡುಕುತ್ತಿದ್ದೇನೆ. ಥೂ, ಈಗಲೂ ತಮಾಷೆಯೇ ಬೇಕು ನನಗೆ.