ಗಡ್ಡೆ ಸಣ್ಣದು, ಜಾಗ ಇನ್ನೂ ಸಣ್ಣದು

ಮಾನ್ಯ ಶಸ್ತ್ರಚಿಕಿತ್ಸೆ ಮಂಜೂರಾತಿ ಅಧಿಕಾರಿಗಳೇ,

ನನ್ನ ತಲೆಯೊಳಗಿನ ಗಡ್ಡೆ ಸಾಕಷ್ಟು ದೊಡ್ಡದಿಲ್ಲವೆಂದು ತಾವು ಸರ್ಕಾರಿ ಖರ್ಚಿನ ಆಪರೇಷನ್ನಿಗೆ ಒಪ್ಪಿಗೆ ನಿರಾಕರಿಸಿದ್ದೀರಿ. ‘ಬೆಳೆದ ಮೇಲೆ ಬನ್ನಿ’ ಎಂಬರ್ಥದ ತಮ್ಮ ಉತ್ತರ ಓದಿ ನನಗೇ ನಾಚಿಕೆಯಾಯಿತು. ಸಾಲಿಯಲ್ಲಿ ಆರನೆಯ ಇಯತ್ತೆಗೇ ನಿಂತವನು ನಾನು. ಈಗ ರೋಗದಲ್ಲೂ ಪಾಸಾಗಲಿಲ್ಲ.

ಹುಟ್ಟಾ ಅಂಜುಬುರುಕ ನಾನು. ಕೆಮ್ಮಿದರೆ ಕ್ಷಯ, ಹೊಟ್ಟೆ ಗುಡುಗಿದರೆ ಹೃದಯಾಘಾತ. ಹೀಗಾಗಿ ತಲೆನೋವು ಶುರುವಾದಾಗ ಹೆಂಡತಿ ಕಾಶಿಂಬಿ ರೊಟ್ಟಿ ಬಡಿಯುವುದನ್ನೂ ನಿಲ್ಲಿಸದೆ, “ಇವತ್ತ ಯಾವ ಬ್ಯಾನಿ ತಂದೀರಿ?” ಎಂದಳು. ನನಗೂ ನನ್ನ ಮೇಲೆ ನಂಬಿಕೆ ಇರಲಿಲ್ಲ. ಜೀವಮಾನವಿಡೀ ಇಲ್ಲದ ರೋಗಗಳಿಗೆ ಹೆದರಿ, ಇದ್ದದ್ದು ಬಂದಾಗ ಮಾತ್ರ ಧೈರ್ಯವಂತನಾದೆ.

ರೋಗ ಕಂಡುಹಿಡಿದವಳು ಸಂಪಗಾಂವದ ಬಾಯವ್ವ. ಅಲ್ಲಿಂದ ಬೈಲಹೊಂಗಲಕ್ಕೆ ಟಂಟಂ ಆಟೋ ಓಡಿಸುವ ನಾನು, ರಸ್ತೆ ಬದಿಗೆ ಮೊಸರಿನ ಗಡಿಗೆ ಇಟ್ಟುಕೊಂಡು ಕೈಮಾಡುತ್ತಿದ್ದ ಆಕೆಯನ್ನು ದಿನಾ ಬಿಟ್ಟುಹೋಗುತ್ತಿದ್ದೆನಂತೆ. ಒಂದು ದಿನ ನಡುರಸ್ತೆಗೇ ಬಂದು ನಿಂತಳು.

“ಏನೋ ಹಜರತಸಾಬಾ, ಸೊಕ್ಕ ಬಂತೇನ? ಬಾಜೂಕ ನಿಂತವ್ರು ಮನಶ್ಯಾರಲ್ಲೇನ?”

“ಖರೇನ ಕಾಣಲಿಲ್ಲ ಬೇ.”

“ಹಂಗಾರ ಕಣ್ಣ ತೋರಸ್ಕೋ. ನಾಳೆ ನನ್ನ ಮ್ಯಾಲೇ ಹಾಯಿಸೀಯ.”

ತೋರಿಸಿದೆ. ಪಿಟ್ಯುಟರಿ ಗ್ರಂಥಿಯ ಗಡ್ಡೆ ಮೇಲೆದ್ದು ದೃಷ್ಟಿಯ ನರವನ್ನು ಒತ್ತುತ್ತಿದೆ, ಎರಡೂ ಬದಿಯ ನೋಟ ಹೋಗಿದೆ, ತಡಮಾಡಿದರೆ ಅದು ಮರಳಿ ಬಾರದಿರಬಹುದು ಎಂದರು ಬೆಳಗಾವಿಯ ಡಾಕ್ಟರು.

ಗಾತ್ರವನ್ನಷ್ಟೇ ಅಳೆಯುವ ತಾವು ಎಂದಾದರೂ ನಮ್ಮ ಟಂಟಂ ಹತ್ತಿದ್ದೀರಾ? ಸಂತೆಯ ದಿನ ಡ್ರೈವರನ ಸೀಟಿನಲ್ಲೇ ಎಡಕ್ಕೊಬ್ಬರು, ಬಲಕ್ಕೊಬ್ಬರು ಕೂಡುವುದು ಇಲ್ಲಿಯ ಪದ್ಧತಿ. ಕಡ್ಡಿಯಂಥ ಶಟ್ಟೆಪ್ಪ ಮಾಸ್ತರರು ಬಂದು ಸೇರಿಕೊಂಡರೂ ನನ್ನ ಮೊಣಕೈ ಹೊರಳುವುದಿಲ್ಲ. ಆಗ ಮಾಸ್ತರರನ್ನು ತೂಗಬೇಕೋ, ಸೀಟಿನ ಇಕ್ಕಟ್ಟು ನೋಡಬೇಕೋ? ತಲೆಯೊಳಗೆ ಗಡ್ಡೆ ಕೂತ ಜಾಗವೂ ಕಡಲೆಕಾಳಿನಂಥ ಗ್ರಂಥಿಗೆಂದು ಮಾಡಿದ ಎಲುಬಿನ ಸೀಟಂತೆ. ಅಲ್ಲಿ ಗಾತ್ರ ಒಂದು, ಒತ್ತಡ ಇನ್ನೊಂದು. ಸಣ್ಣದೂ ಜೋರಾಗಿ ಒತ್ತಬಹುದಂತೆ. ನನಗೆ ಇದು ಕೂಡಲೇ ತಿಳಿಯಿತು. ನಾನೂ ಗಿಡ್ಡ, ಸಣಕಲ. ಆದರೆ ಮನೆಮಂದಿ ಉಸಿರುಗಟ್ಟುವುದು ನನ್ನಿಂದಲೇ.

ಟಂಟಂ ಈಗ ಬೇವಿನ ಗಿಡದ ಕೆಳಗೆ ನಿಂತಿದೆ. ಗಡ್ಡೆಯ ಅಳತೆಯ ಜೊತೆ ನನ್ನ ಬದಿನೋಟದ ಪರೀಕ್ಷೆಯ ವರದಿಯನ್ನೂ ಓದಿ, ಇದೇ ವಾರ ಒಪ್ಪಿಗೆ ಕೊಡಿ. ಅನುಮಾನವಿದ್ದರೆ ಖುದ್ದಾಗಿ ಬನ್ನಿ. ಆದರೆ ಬಾಯವ್ವನ ಹಾಗೆ ನೇರ ಎದುರಿಗೇ ನಿಲ್ಲಿ. ಬದಿಯಿಂದ ಬಂದರೆ ತಮ್ಮನ್ನೂ ಕಾಣದೆ ಹೋಗಿಬಿಡುತ್ತೇನೆ. ಆಮೇಲೆ ತಾವೂ ನನಗೆ ಸೊಕ್ಕೆಂದು ಬರೆದುಕೊಳ್ಳುತ್ತೀರಿ.

ಇಂತಿ,
ಅಂಜಿಕೆಯಲ್ಲಿ ದೊಡ್ಡವನು, ಗಡ್ಡೆಯಲ್ಲಿ ಚಿಕ್ಕವನು,
ಹಜರತಸಾಬ
ನಿಂತ ಟಂಟಂನ ಡ್ರೈವರ್, ಸಂಪಗಾಂವ